ಕೊಡಗಿನ ಮನೆ: ಯಾವ ಕೋಣೆಗೆ ಯಾವ ನೆಲ?

ಕೊಡಗಿನಲ್ಲಿ ಟೈಲ್ಸ್ ಅಂಗಡಿಗೆ ಜನ ಜಾಸ್ತಿ ಹೋಗುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಕಾಫಿ ಮಾರಿದ ದುಡ್ಡು ಕೈಯಲ್ಲಿರುತ್ತದೆ, ಒಳ್ಳೆ ಬಿಸಿಲಿರುತ್ತದೆ, ಮನೆ ಕೆಲಸವೂ ಜೋರಾಗಿ ನಡೆದಿರುತ್ತದೆ. ಅಂಗಡಿಯ ಲೈಟಿನ ಕೆಳಗೆ ಎಲ್ಲ ಟೈಲ್ಸೂ ಫಳಫಳ ಹೊಳೆಯುತ್ತವೆ. ಆದರೆ ಆ ನೆಲದ ಮೇಲೆ ಜುಲೈನಲ್ಲೂ ಓಡಾಡಬೇಕಲ್ಲ? ಕಕ್ಕಡ ತಿಂಗಳ ಮಳೆ, ಕೆಸರು ಮೆತ್ತಿದ ಗಂಬೂಟು, ವಾರವಾದರೂ ಒಣಗದ ಬಟ್ಟೆ, ಒದ್ದೆ ಕಾಲಲ್ಲಿ ಒಳಗೆ ನುಗ್ಗುವ ಮಕ್ಕಳು, ಅವರ ಹಿಂದೆಯೇ ನಾಯಿ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಕುಶಾಲನಗರದಲ್ಲಿ ಮಡಿಕೇರಿಯ ಅರ್ಧದಷ್ಟೂ ಇಲ್ಲ. ಹಾಗಾಗಿ ಕುಶಾಲನಗರದ ನೆಂಟರ ಮನೆಯಲ್ಲಿ ಚೆನ್ನಾಗಿರುವ ನೆಲ ನಾಪೋಕ್ಲುವಿನಲ್ಲೂ ಹಾಗೇ ಇರುತ್ತದೆ ಅಂತ ನಂಬಿ ಆರ್ಡರ್ ಕೊಡಬೇಡಿ.

ಬಣ್ಣ, ಡಿಸೈನ್ ಎಲ್ಲ ಆಮೇಲೆ. ಮೊದಲು ಪ್ರತಿ ಕೋಣೆಯಲ್ಲೂ ನಿಂತು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿಗೆ ನೀರು ಎಲ್ಲಿಂದ ಬರುತ್ತದೆ? ನೆಲದ ಅಡಿಯಿಂದಲೋ, ಕಾಲಿನ ಜೊತೆಗೋ, ಗಾಳಿಯಿಂದಲೋ? ಇದು ಗೊತ್ತಾದರೆ ಬೇಡದ್ದೆಲ್ಲ ತಾನಾಗಿಯೇ ಪಟ್ಟಿಯಿಂದ ಬಿಟ್ಟುಹೋಗುತ್ತದೆ.

ಹೆಜ್ಜೆ 1: ನೆಲದ ಅಡಿ ನೋಡಿ

ನಮ್ಮಲ್ಲಿ ಸಮತಟ್ಟಾದ ಸೈಟು ಸಿಗುವುದೇ ಕಷ್ಟ. ಹಿಂದಿನ ಬರೆ, ಅಂದರೆ ಇಳಿಜಾರಿನ ದಿಬ್ಬ ಕಡಿದು, ಆ ಮಣ್ಣನ್ನು ಮುಂದಕ್ಕೆ ತುಂಬಿ ಮಟ್ಟ ಮಾಡುತ್ತೇವೆ. ಅಂದರೆ ಮನೆಯ ಹಿಂಭಾಗ ಗಟ್ಟಿ ನೆಲದ ಮೇಲೆ, ಮುಂಭಾಗ ತುಂಬಿದ ಮಣ್ಣಿನ ಮೇಲೆ. ತುಂಬಿದ ಮಣ್ಣು ಒಂದೆರಡು ಮಳೆಗಾಲದಲ್ಲಿ ಕುಸಿದು ಕೂರುತ್ತದೆ. ಆಗ ಹಾಲ್‌ನ ನಡುವೆ ಟೈಲ್ಸ್ ಉದ್ದಕ್ಕೆ ಸೀಳುತ್ತವೆ, ಇಲ್ಲವೇ ಅಡಿ ಟೊಳ್ಳಾಗಿ ಟಕಟಕ ಅನ್ನುತ್ತವೆ. ದುಬಾರಿ ಟೈಲ್ಸ್ ತಂದರೂ ಇದು ತಪ್ಪುವುದಿಲ್ಲ.

ಮಣ್ಣನ್ನು ಆರಾರು ಇಂಚಿನ ಪದರವಾಗಿ ತುಂಬಿ, ನೀರು ಹಾಕಿ, ದಮ್ಮಸ್ಸು ಮಾಡಿಸಿ. ಒಂದೇ ಸಲ ಟಿಪ್ಪರ್‌ನಲ್ಲಿ ಸುರಿದು ಮೇಲಿಂದ ನಾಲ್ಕು ಪೆಟ್ಟು ಕೊಟ್ಟರೆ ಪ್ರಯೋಜನವಿಲ್ಲ. ಸಾಧ್ಯವಿದ್ದರೆ ಮಣ್ಣು ತುಂಬಿದ ಮೇಲೆ ಒಂದು ಮಳೆಗಾಲ ಹಾಗೇ ಬಿಡಿ. ಆಮೇಲೆ ಸೋಲಿಂಗ್, ಅಂದರೆ ಕಲ್ಲು ಜೋಡಿಸಿದ ಪದರ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಶೀಟ್, ಅದರ ಮೇಲೆ ಬೆಡ್ ಕಾಂಕ್ರೀಟ್. ಶೀಟ್ 250 ಮೈಕ್ರಾನ್‌ನದ್ದು ಇರಲಿ, ಒಂದರ ಮೇಲೊಂದು ಅರ್ಧ ಅಡಿಯಾದರೂ ಹತ್ತಿರಲಿ. ಮನೆಯ ಒಟ್ಟು ಖರ್ಚಿನಲ್ಲಿ ಈ ಶೀಟಿನದ್ದು ಲೆಕ್ಕಕ್ಕೇ ಇಲ್ಲ. ಆದರೂ ಹೆಚ್ಚಿನ ಮೇಸ್ತ್ರಿಗಳು ಕೇಳದೆ ಹಾಕುವುದಿಲ್ಲ, ನೀವೇ ಕೇಳಿ ಹಾಕಿಸಬೇಕು. ಅಡಿಯಿಂದ ಏರುವ ಥಂಡಿಯನ್ನು ತಡೆಯುವುದು ಇದೇ.

ಹಳೇ ಮನೆಗೆ ಹೊಸ ನೆಲ ಹಾಕುವವರು ಒಂದು ಪರೀಕ್ಷೆ ಮಾಡಿ. ಎರಡು ಅಡಿ ಉದ್ದ, ಎರಡು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ. ಒಂದು ದಿನ ಬಿಟ್ಟು ಎತ್ತಿ ನೋಡಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಇದ್ದರೆ, ಅಥವಾ ಅದರಡಿಯ ನೆಲ ಕಪ್ಪಾಗಿದ್ದರೆ, ಥಂಡಿ ಅಡಿಯಿಂದ ಬರುತ್ತಿದೆ. ಒಳಗೆ ಒಣಗಿದ್ದು ಹಾಳೆಯ ಮೇಲ್ಮೈ ಮಾತ್ರ ಒದ್ದೆಯಾಗಿದ್ದರೆ ಅದು ಗಾಳಿಯ ತೇವ, ಅಂದರೆ ನೆಲ ಬೆವರಿದ್ದು. ಎರಡಕ್ಕೂ ಮದ್ದು ಬೇರೆ. ಅಡಿಯಿಂದ ಬರುವುದಕ್ಕೆ ಕಾಂಕ್ರೀಟ್ ಒಡೆದು ಶೀಟ್ ಹಾಕಬೇಕು, ಜೊತೆಗೆ ಹಿಂದಿನ ಬರೆಯ ಬುಡದಲ್ಲಿ ನೀರು ಹರಿದುಹೋಗಲು ಚರಂಡಿ ಬೇಕು. ಬೆವರುವುದಕ್ಕೆ ಕಿಟಕಿ, ಗಾಳಿ, ಬಿಸಿಲು ಸಾಕು. ಈ ಪರೀಕ್ಷೆಯನ್ನು ಮಾರ್ಚ್‌ನಲ್ಲಿ ಮಾಡಿ ಖುಷಿಪಡಬೇಡಿ. ಆಗಸ್ಟ್‌ನಲ್ಲಿ ಮಾಡಿ.

ಹೆಜ್ಜೆ 2: ಮಣ್ಣಿನ ಗೋಡೆಯ ಮನೆಯೇ? ಸ್ವಲ್ಪ ತಡೆಯಿರಿ

ಐನ್‌ಮನೆ (ಕೊಡವ ಕುಟುಂಬದ ಮೂಲಮನೆ), ಹಳೇ ತೋಟದ ಮನೆ ರಿಪೇರಿ ಮಾಡಿಸುವವರಿಗೆ ಈ ಮಾತು. ಆ ಮನೆಗಳ ನೆಲ ಸಗಣಿ ಸಾರಿಸಿದ ಮಣ್ಣಿನದ್ದೋ, ಕೆಂಪು ಹೆಂಚಿನದ್ದೋ, ರೆಡ್ ಆಕ್ಸೈಡಿನದ್ದೋ ಆಗಿರುತ್ತದೆ. ಗೋಡೆ ಮಣ್ಣಿನದ್ದು, ಅಡಿಯಲ್ಲಿ ಥಂಡಿ ತಡೆಯುವ ಯಾವ ಪದರವೂ ಇಲ್ಲ. ಇಷ್ಟು ವರ್ಷ ನೆಲದಡಿಯ ತೇವ ಇಡೀ ನೆಲದ ಮೂಲಕ ಸ್ವಲ್ಪ ಸ್ವಲ್ಪವೇ ಆರಿಹೋಗುತ್ತಿತ್ತು.

ಅದರ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಿದರೆ ಏನಾಗುತ್ತದೆ? ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ಸಾಮಾನ್ಯವಾಗಿ ಶೇಕಡ 0.5ಕ್ಕಿಂತ ಕಡಿಮೆ. ಅಂದರೆ ಮುಚ್ಚಳ ಹಾಕಿದ ಹಾಗೆ. ತೇವಕ್ಕೆ ಮೇಲೆ ಬರಲು ದಾರಿ ಇಲ್ಲ, ಪಕ್ಕಕ್ಕೆ ಸರಿದು ಗೋಡೆ ಹತ್ತುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ಬುಡದ ಪಟ್ಟಿ, ಅಂದರೆ ಸ್ಕರ್ಟಿಂಗಿನ ಮೇಲೆ ಸುಣ್ಣ ಉದುರುತ್ತದೆ, ಬಿಳಿ ಉಪ್ಪು ಕಾಣಿಸಿಕೊಳ್ಳುತ್ತದೆ, ಬಾಗಿಲ ಚೌಕಟ್ಟಿನ ಬುಡ ಮೆತ್ತಗಾಗುತ್ತದೆ. ಗೆದ್ದಲಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಜನ ಪೇಂಟಿನವನಿಗೆ ಬೈಯುತ್ತಾರೆ. ಆ ಪಾಪದವನದ್ದು ಇದರಲ್ಲಿ ಏನೂ ಇಲ್ಲ.

ಇಂಥ ಮನೆಯಲ್ಲಿ ನನ್ನ ಓಟು ರೆಡ್ ಆಕ್ಸೈಡಿಗೆ, ಇಲ್ಲವೇ ಮಣ್ಣಿನ ನೆಲಹೆಂಚಿಗೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಘಟ್ಟದ ಕೆಳಗಿನ ಆ ಹೆಂಚು ನಮ್ಮ ಹಳೇ ಮನೆಗಳ ಮಾಡಿನ ಮೇಲೂ ಇದೆ, ಕೆಲವು ಮನೆಗಳಲ್ಲಿ ಕಾಲಡಿಯಲ್ಲೂ ಇದೆ. ಇವು ಸ್ವಲ್ಪ ತೇವ ಹೀರುತ್ತವೆ, ಬಿಡುತ್ತವೆ. ಕಾಲಿಗೂ ಹಿತ. ಒಡೆದ ನಾಲ್ಕು ಹೆಂಚು ಮಾತ್ರ ಬದಲಿಸಿದರೆ ಸಾಕಾಗುವ ಕಡೆ ಇಡೀ ನೆಲ ಕಿತ್ತು ಹಾಕುವುದು ಸುಮ್ನೆ ದಂಡ.

ರೆಡ್ ಆಕ್ಸೈಡ್ ಮಾಡಿಸುವುದಾದರೆ ಮೊದಲು ಕೈ ಪಳಗಿದ ಮೇಸ್ತ್ರಿಯನ್ನು ಹುಡುಕಿ. ವಸ್ತು ಅಗ್ಗ, ಕೈಕೆಲಸ ದುಬಾರಿ. ಅವರು ಹಿಂದೆ ಮಾಡಿದ ನೆಲ ಕನಿಷ್ಠ ಒಂದಾದರೂ ನೋಡದೆ ಕೆಲಸ ಕೊಡಬೇಡಿ. ನಿಮ್ಮ ಮನೆಯಲ್ಲೇ ಒಂದು ಮೂಲೆಯಲ್ಲಿ ಎರಡಡಿ ಚೌಕ ಮಾಡಿಸಿ ನೋಡಿ. ಒಣಗಿದ ಮೇಲೆ ಬಣ್ಣ ತಿಳಿಯಾಗುತ್ತದೆ, ಒದ್ದೆಯಲ್ಲಿ ನೋಡಿ ಒಪ್ಪಿಕೊಳ್ಳಬಾರದು. ಒಂದು ಕೋಣೆಗೆ ಬೇಕಾದ ಸಿಮೆಂಟು, ಆಕ್ಸೈಡ್ ಪುಡಿ ಎರಡನ್ನೂ ಒಂದೇ ಸಲ ಒಣಗಿದ್ದಾಗಲೇ ಬೆರೆಸಿ ಇಟ್ಟುಕೊಳ್ಳಬೇಕು. ಅರ್ಧದಲ್ಲಿ ಮತ್ತೆ ಬೆರೆಸಿದರೆ ಬಣ್ಣ ಎರಡಾಗುತ್ತದೆ. ಒಂದು ಕೋಣೆಯನ್ನು ಒಂದೇ ದಿನದಲ್ಲಿ ಮುಗಿಸಬೇಕು. ದೊಡ್ಡ ಹಾಲ್ ಆದರೆ ನಡುನಡುವೆ ಪಟ್ಟಿ ಇಟ್ಟು ಭಾಗ ಮಾಡಿ, ಬಿರುಕು ಬಿಟ್ಟರೂ ಅದು ಪಟ್ಟಿಯ ಗೆರೆಯಲ್ಲೇ ಬಿಡುತ್ತದೆ. ಮರುದಿನದಿಂದ ವಾರಕ್ಕೂ ಹೆಚ್ಚು ಕಾಲ ನೀರು ನಿಲ್ಲಿಸಬೇಕು. ಬಾವಿ ಬತ್ತುವ ಏಪ್ರಿಲ್‌ನಲ್ಲಿ, ಹೂಮಳೆ ಬಾರದೆ ಕಾಫಿಗೆ ಸ್ಪ್ರಿಂಕ್ಲರ್ ಬಿಡುವ ದಿನಗಳಲ್ಲಿ, ಈ ನೀರಿಗೇ ಪರದಾಟ. ಆದ್ದರಿಂದ ಡಿಸೆಂಬರ್, ಜನವರಿಯಲ್ಲೇ ಮುಗಿಸಿ. ಆಗ ಕಾಫಿ ಕುಯ್ಲು ಇರುತ್ತದೆ, ಆಳು ಸಿಗುವುದಿಲ್ಲ ಅಂತೀರಿ, ಗೊತ್ತು. ನೆಲದ ಕೆಲಸಕ್ಕೆ ಬೇಕಾಗಿರುವುದು ಎರಡು ಮೂರು ಜನ, ಅವರೂ ತೋಟದ ಆಳುಗಳಲ್ಲ.

ಹೆಜ್ಜೆ 3: ಕೋಣೆ ಕೋಣೆಗೆ ಬರೋಣ

ಸಿಟ್‌ಔಟ್, ಜಗಲಿ, ಕೈಯ್ಯಾಲೆ

ಮನೆಯಲ್ಲಿ ಜಾರಿ ಬೀಳುವ ಮೊದಲ ಜಾಗ ಇದು. ಗಾಳಿ ತಿರುಗಿದರೆ ಎರಚಲು ಒಳಗೇ ಬರುತ್ತದೆ. ಜಿಗಣೆ ಕಿತ್ತು ಹಾಕುವುದು, ಬೂಟು ಬಿಚ್ಚುವುದು, ಕೊಡೆ ಒರಗಿಸುವುದು ಎಲ್ಲ ಇಲ್ಲೇ. ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ಇಲ್ಲಿ ಹಾಕಿದವರ ಮನೆಗೆ ಮಳೆಗಾಲದಲ್ಲಿ ಹೋದರೆ ಗೋಣಿಚೀಲ ಹಾಸಿರುವುದನ್ನು ನೋಡಬಹುದು. ಅಷ್ಟು ದುಡ್ಡು ಕೊಟ್ಟು ಗೋಣಿ ಹಾಸುವುದು ಯಾಕೆ ಅಲ್ವಾ?

ಸಾದರಹಳ್ಳಿ ಬೂದು ಕಲ್ಲನ್ನು ಒರಟಾಗಿಯೇ ಹಾಕಿಸಿ, ಇಲ್ಲವೇ ಫ್ಲೇಮ್ಡ್ ಫಿನಿಶ್ ಗ್ರಾನೈಟ್ ತನ್ನಿ. ಫ್ಲೇಮ್ಡ್ ಅಂದರೆ ಬೆಂಕಿ ಜ್ವಾಲೆ ಹಾಯಿಸಿ ಮೇಲ್ಮೈಯನ್ನು ಒರಟು ಮಾಡಿದ್ದು. ಲೆದರ್ ಫಿನಿಶ್ ನೋಡಲು ಚೆಂದ, ಆದರೆ ಎರಚಲು ಬಡಿಯುವ ಕಡೆ ಫ್ಲೇಮ್ಡ್‌ನಷ್ಟು ಹಿಡಿತ ಕೊಡುವುದಿಲ್ಲ. ಟೈಲ್ಸೇ ಬೇಕೆಂದರೆ ಮ್ಯಾಟ್ ವಿಟ್ರಿಫೈಡ್, ಆರ್11 ಗುರುತಿನದ್ದು.

ಈ ಆರ್ ಲೆಕ್ಕ ಸ್ವಲ್ಪ ತಿಳಿದುಕೊಳ್ಳಿ, ಅಂಗಡಿಯಲ್ಲಿ ಕೆಲಸಕ್ಕೆ ಬರುತ್ತದೆ. ಎಣ್ಣೆ ಸುರಿದ ಹಲಗೆಯ ಮೇಲೆ ಬೂಟು ಹಾಕಿದವರನ್ನು ನಡೆಸುತ್ತಾ, ಹಲಗೆಯನ್ನು ನಿಧಾನಕ್ಕೆ ಓರೆ ಮಾಡುತ್ತಾ ಹೋಗುತ್ತಾರೆ. ಎಷ್ಟು ಡಿಗ್ರಿಯಲ್ಲಿ ಕಾಲು ಜಾರಿತು ಅನ್ನುವುದರ ಮೇಲೆ ಅಂಕಿ. ಆರ್9 ಅಂದರೆ 6ರಿಂದ 10 ಡಿಗ್ರಿ, ಆರ್10 ಅಂದರೆ 10ರಿಂದ 19, ಆರ್11 ಅಂದರೆ 19ರಿಂದ 27. ಹಾಗಾಗಿ 'ಆರ್9 ಇದೆ ಸಾರ್, ಆ್ಯಂಟಿ ಸ್ಕಿಡ್' ಅಂತ ಯಾರಾದರೂ ಹೇಳಿದರೆ ಮರುಳಾಗಬೇಡಿ. ಆ ಪಟ್ಟಿಯಲ್ಲಿ ತೀರಾ ಕೆಳಗಿನ ಮೆಟ್ಟಿಲೇ ಅದು. ಬರಿಗಾಲು, ಸೋಪು ನೀರಿಗೆ ಬೇರೆ ಗುರುತು ಇದೆ: ಎ, ಬಿ, ಸಿ. ಬಾತ್‌ರೂಮಿಗೆ ಬಿ ಇದ್ದರೆ ಒಳ್ಳೆಯದು.

ಡಬ್ಬದ ಮೇಲೆ ಏನೂ ಬರೆದಿಲ್ಲವೇ? ಅಂಗಡಿಯ ನೆಲದಲ್ಲಿ ಟೈಲ್ಸ್ ಇಟ್ಟು ಅರ್ಧ ಲೋಟ ನೀರು ಹಾಕಿ. ಚಪ್ಪಲಿ ಬಿಟ್ಟು, ಏನನ್ನಾದರೂ ಹಿಡಿದುಕೊಂಡು, ಹಿಮ್ಮಡಿ ಒತ್ತಿ ಮುಂದಕ್ಕೆ ತಳ್ಳಿ ನೋಡಿ. ಅಂಗಡಿಯವರು ನಗಬಹುದು, ನಗಲಿ.

ಸಿಟ್‌ಔಟ್‌ಗೆ ಹೊರಕ್ಕೆ ಇಳಿಜಾರು ಬೇಕೇ ಬೇಕು. ಎಂಟು ಅಡಿಗೆ ಒಂದು ಇಂಚು ಸಾಕು. ಬಾಗಿಲ ಹೊಸ್ತಿಲಿಗಿಂತ ಸಿಟ್‌ಔಟ್ ಅರ್ಧ ಇಂಚಾದರೂ ತಗ್ಗಿರಲಿ. ಮೂಲೆಯಲ್ಲಿ ಒಂದು ನಲ್ಲಿ, ಅದರಡಿ ಮೂರಡಿ ಚೌಕದ ಒರಟು ಕಲ್ಲು ಹಾಕಿಸಿದರೆ ಗಂಬೂಟು ತೊಳೆಯಲು ಆಯಿತು. ಇದೊಂದು ಇದ್ದರೆ ಒಳಗಿನ ನೆಲದ ಅರ್ಧ ಕೆಲಸ ಕಡಿಮೆ.

ಹಾಲ್ ಮತ್ತು ದೀಪದ ಜಾಗ

ಇಲ್ಲಿ ಕಾಲಿನ ನೀರು ಕಡಿಮೆ, ಗಾಳಿಯ ತೇವ ಜಾಸ್ತಿ. ಮಳೆ ಹಿಡಿಯುವ ಮುಂಚೆ, ಮೇ ಕೊನೆಗೆ, ಬಿಸಿ ಗಾಳಿ ತಣ್ಣನೆಯ ನೆಲಕ್ಕೆ ತಾಗಿದಾಗ ಹೊಳಪಿನ ಟೈಲ್ಸ್ ಬೆವರುತ್ತದೆ. ನೋಡಲು ಕಾಣುವುದೇ ಇಲ್ಲ, ಕಾಲಿಟ್ಟರೆ ಸರ್ರನೆ ಜಾರುತ್ತದೆ. ವಯಸ್ಸಾದವರು ಇರುವ ಮನೆಯಲ್ಲಿ ಹಾಲ್‌ಗೂ ಸ್ಯಾಟಿನ್ ಅಥವಾ ಮ್ಯಾಟ್ ಫಿನಿಶ್ ವಿಟ್ರಿಫೈಡ್ ಹಾಕಿ, ಗ್ಲಾಸಿ ಬಿಡಿ. ಮನೆ ಕತ್ತಲಾಗುತ್ತದೆ ಅನ್ನುವವರು ತಿಳಿ ಬಣ್ಣ ಆರಿಸಲಿ. ಬೆಳಕು ಹೆಚ್ಚಲು ತಿಳಿ ಬಣ್ಣ ಸಾಕು, ಹೊಳಪೇ ಬೇಕೆಂದಿಲ್ಲ. ತೀರಾ ಹಾಲುಬಿಳಿ ಬೇಡ, ನಮ್ಮ ಕೆಂಪು ಮಣ್ಣಿನ ಹೆಜ್ಜೆ ಒಂದೊಂದೂ ಎದ್ದು ಕಾಣುತ್ತದೆ.

ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ಮನೆಯ ನಡುಕೋಣೆಯಲ್ಲಿ ತೂಗುದೀಪ ಇದ್ದರೆ ಅದರ ಅಡಿ ಎಣ್ಣೆ ತೊಟ್ಟಿಕ್ಕುವುದು ಇದ್ದದ್ದೇ. ಮಾರ್ಬಲ್, ಕೋಟಾ ಕಲ್ಲು, ಹೆಂಚು ಇವೆಲ್ಲ ಎಣ್ಣೆ ಕುಡಿದು ಕಪ್ಪಾಗುತ್ತವೆ. ದೀಪದ ಅಡಿಗೆ ಎರಡಡಿ ಚೌಕದ ಕಪ್ಪು ಗ್ರಾನೈಟ್ ಕೂರಿಸಿ. ನೋಡಲೂ ಲಕ್ಷಣ, ಒರೆಸಲೂ ಸುಲಭ.

ಗ್ರಾನೈಟ್ ಹಾಲ್‌ಗೆ ಗಟ್ಟಿಮುಟ್ಟು, ಸುಲಭಕ್ಕೆ ಗೀರು ಬೀಳುವುದಿಲ್ಲ. ಆದರೆ ಮಡಿಕೇರಿಯ ಡಿಸೆಂಬರ್‌ನಲ್ಲಿ ಬರಿಗಾಲಿಡಲು ಧೈರ್ಯ ಬೇಕು.

ಅಡುಗೆಮನೆ

ಇಲ್ಲಿ ಶತ್ರು ನೀರಿಗಿಂತ ಹುಳಿ ಮತ್ತು ಬಣ್ಣ. ಮಾರ್ಬಲ್, ಕೋಟಾ, ಶಹಾಬಾದ್, ಕಡಪ ಕಲ್ಲು ಇವೆಲ್ಲ ಸುಣ್ಣದ ಅಂಶದ ಕಲ್ಲುಗಳು. ಹುಳಿ ಬಿದ್ದರೆ ಮೇಲ್ಮೈ ಕರಗುತ್ತದೆ. ಪಂದಿ ಕರಿಗೆ (ಹಂದಿ ಮಾಂಸದ ಸಾರಿಗೆ) ಹಾಕುವ ಕಪ್ಪು ಹುಳಿರಸ ಕಾಚಂಪುಳಿ ಎಷ್ಟು ಹುಳಿ ಅಂತ ನಿಮಗೇ ಗೊತ್ತು. ಒಂದು ಹನಿ ಬಿದ್ದು, ನೀವು ನೋಡದೆ ಹಾಗೇ ಉಳಿದರೆ, ಹೊಳಪು ಹೋಗಿ ಮಂಕು ಮಚ್ಚೆ ಉಳಿಯುತ್ತದೆ. ಅದು ಕಲೆಯಲ್ಲ, ಕಲ್ಲೇ ಸವೆದದ್ದು. ತಿಕ್ಕಿದರೆ ಹೋಗುವುದಿಲ್ಲ, ಪಾಲಿಶ್ ಮಾಡಿಸಬೇಕು. ಮಾದರಿ ಕಲ್ಲು ತಂದು ಅದರ ಮೇಲೆ ಕಾಚಂಪುಳಿ ಒಂದು ಹನಿ ಬಿಟ್ಟು ರಾತ್ರಿ ಇಟ್ಟು ನೋಡಿ. ಬೇರೆ ಪರೀಕ್ಷೆ ಬೇಡ.

ಬಣ್ಣದ ವಿಷಯಕ್ಕೆ ಬಂದರೆ ಅರಿಶಿನಕ್ಕಿಂತ ಮದ್ದುಸೊಪ್ಪಿನದ್ದೇ ಗಮ್ಮತ್ತು. ಕಕ್ಕಡ ಪದಿನೆಟ್ಟಿಗೆ, ಅಂದರೆ ಆ ತಿಂಗಳ ಹದಿನೆಂಟನೇ ದಿನಕ್ಕೆ ಸೊಪ್ಪು ಕುದಿಸಿದ ಆ ನೇರಳೆ ನೀರು ಚೆಲ್ಲಿದರೆ ಟೈಲ್ಸ್ ಒರೆಸಿಬಿಡಬಹುದು, ಟೈಲ್ಸ್ ನಡುವಿನ ಬಿಳಿ ಸಿಮೆಂಟ್ ಗ್ರೌಟ್ ಹೀರಿಕೊಳ್ಳುತ್ತದೆ. ಅಡುಗೆಮನೆಗೆ ಸಿಮೆಂಟ್ ಬದಲು ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್ ಹಾಕಿಸಿ. ಸಿಮೆಂಟ್ ಗ್ರೌಟಿಗಿಂತ ಸಾಕಷ್ಟು ದುಬಾರಿ, ಅದಕ್ಕೇ ಮನೆಗೆಲ್ಲ ಬೇಡ, ಅಡುಗೆಮನೆ ಮತ್ತು ಬಾತ್‌ರೂಮಿಗೆ ಮಾತ್ರ. ಎಪಾಕ್ಸಿ ಹಾಕಿದವರು ಅಂದೇ ಮೇಲ್ಮೈಯನ್ನು ಒರೆಸಿ ಸ್ವಚ್ಛ ಮಾಡಿ ಹೋಗಬೇಕು. ಒಣಗಿದ ಮೇಲೆ ಅದರ ಪೊರೆ ತೆಗೆಯುವುದು ದೊಡ್ಡ ತಲೆನೋವು.

ಟೈಲ್ಸ್ ಮ್ಯಾಟ್ ಇರಲಿ, ಆದರೆ ತೀರಾ ಗೀರುಗೀರಾಗಿ ಒರಟಾಗಿರುವುದು ಬೇಡ. ಹಂದಿ ಕೊಬ್ಬಿನ ಜಿಡ್ಡು ಆ ಗೀರುಗಳಲ್ಲಿ ಕೂತರೆ ಬ್ರಶ್ ಹಿಡಿದೇ ತಿಕ್ಕಬೇಕಾಗುತ್ತದೆ.

ಹಿಂದೆ ಸೌದೆ ಒಲೆಯ ಇನ್ನೊಂದು ಅಡುಗೆಮನೆ ಇದೆಯೇ? ಅಲ್ಲಿ ಒಲೆಯ ಮುಂದೆ ಮೂರಡಿಯಾದರೂ ಸಿಮೆಂಟ್ ನೆಲವೋ ದಪ್ಪ ಕಲ್ಲೋ ಇರಲಿ. ಕೆಂಡ ಬಿದ್ದರೆ ವಿನೈಲ್ ಸುಟ್ಟುಹೋಗುತ್ತದೆ, ಟೈಲ್ಸಿನ ಮೇಲ್ಪದರ ಸಿಡಿಯಬಹುದು. ಸೌದೆ ಎತ್ತಿ ಹಾಕುವ ಏಟಿಗೂ ಟೈಲ್ಸ್ ಆಗದು.

ಮಲಗುವ ಕೋಣೆ

ಮರದ ನೆಲದ ಆಸೆ ಎಲ್ಲರಿಗೂ ಬರುವುದು ಇಲ್ಲೇ. ಚಳಿಗೆ ಬೆಚ್ಚಗೆ, ಸರಿ. ಆದರೆ ಯಾವ 'ಮರ'? ಅಂಗಡಿಯಲ್ಲಿ ವುಡನ್ ಫ್ಲೋರಿಂಗ್ ಅಂತ ತೋರಿಸುವುದರಲ್ಲಿ ಮೂರು ನಾಲ್ಕು ಬಗೆ ಇದೆ.

ಲ್ಯಾಮಿನೇಟ್ ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ, ಮೇಲೆ ಮರದ ಚಿತ್ರದ ಪದರ. ನೀರು, ತೇವ ಕಂಡರೆ ಅಂಚುಗಳು ಉಬ್ಬುತ್ತವೆ. ಒಮ್ಮೆ ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಮಡಿಕೇರಿ, ವಿರಾಜಪೇಟೆ, ಭಾಗಮಂಡಲ ಕಡೆ ನೆಲಮಹಡಿಗೆ ಇದನ್ನು ನಾನು ಹೇಳುವುದೇ ಇಲ್ಲ. ಕುಶಾಲನಗರದಲ್ಲಿ ಮೇಲಿನ ಮಹಡಿಗೆ ಬೇಕಾದರೆ ನೋಡಬಹುದು.

ಎಸ್‌ಪಿಸಿ ಅಂದರೆ ಕಲ್ಲಿನ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿದ ಹಲಗೆ. ಒಂದಕ್ಕೊಂದು ಕ್ಲಿಕ್ ಆಗಿ ಕೂರುತ್ತದೆ. ನೀರಿಗೆ ಉಬ್ಬುವುದಿಲ್ಲ, ಗೆದ್ದಲಿಗೆ ರುಚಿಸುವುದಿಲ್ಲ, ಟೈಲ್ಸಿನಷ್ಟು ತಣ್ಣಗೂ ಇರುವುದಿಲ್ಲ. ಹಳೇ ನೆಲ ಗಟ್ಟಿಯಾಗಿ, ಮಟ್ಟವಾಗಿ ಇದ್ದರೆ ಅದರ ಮೇಲೇ ಹಾಸಬಹುದು. ಆದರೆ ಗಮನಿಸಿ, ಹಲಗೆಗೆ ನೀರು ತಾಗದಿದ್ದರೂ ಅದರಡಿ ತೇವ ನಿಂತರೆ ಮುಗ್ಗಲು ವಾಸನೆ ಬರುತ್ತದೆ. ಮೇಲೆ ಹೇಳಿದ ಪ್ಲಾಸ್ಟಿಕ್ ಹಾಳೆ ಪರೀಕ್ಷೆಯಲ್ಲಿ ಪಾಸಾದ ನೆಲಕ್ಕೆ ಮಾತ್ರ ಇದು. ಗೋಡೆಯ ಬುಡದಲ್ಲಿ ಹಿಗ್ಗಲು ಜಾಗ ಬಿಡಬೇಕು, ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ.

ನಿಜವಾದ ಮರ, ತೇಗವೋ ಹೊನ್ನೆಯೋ, ಚೆನ್ನಾಗಿ ಒಣಗಿಸಿದ್ದಾದರೆ ಮೇಲಿನ ಮಹಡಿಗೆ ಸೊಗಸು. ತೋಟದ ಸಿಲ್ವರ್ ಓಕ್ ಕಡಿದಿದ್ದೇವೆ, ಅದನ್ನೇ ನೆಲಕ್ಕೆ ಹಾಕೋಣ ಅನ್ನುವವರಿಗೆ ಒಂದು ಮಾತು: ಅದು ಮೆತ್ತಗಿನ ಮರ, ಗೆದ್ದಲಿಗೂ ತಡೆಯುವುದಿಲ್ಲ. ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ.

ಇಷ್ಟೆಲ್ಲ ತಾಪತ್ರಯ ಬೇಡ ಅಂದರೆ ಹಾಲ್‌ಗೆ ಹಾಕಿದ ಮ್ಯಾಟ್ ಟೈಲ್ಸನ್ನೇ ಒಳಗೂ ಮುಂದುವರಿಸಿ, ಮಂಚದ ಪಕ್ಕಕ್ಕೆ ದಪ್ಪ ಜಮಖಾನ ಹಾಸಿ. ಅದನ್ನು ಬಿಸಿಲಿಗೆ ಹಾಕಬಹುದು, ನೆಲವನ್ನು ಆಗದು. ಗೋಡೆಯಿಂದ ಗೋಡೆಗೆ ಅಂಟಿಸುವ ಕಾರ್ಪೆಟ್ ಮಾತ್ರ ಕೊಡಗಿನಲ್ಲಿ ಬೇಡವೇ ಬೇಡ. ಹೋಂಸ್ಟೇ ನಡೆಸುವವರಿಗಂತೂ ಮೊದಲ ಮಳೆಗಾಲದಲ್ಲೇ ಅತಿಥಿಗಳಿಂದ ವಾಸನೆಯ ದೂರು ಬರುತ್ತದೆ.

ಬಾತ್‌ರೂಮು, ಬಚ್ಚಲುಮನೆ

ಒಂದಡಿ ಚೌಕದ ಟೈಲ್ಸ್ ಸಾಕು, ಅದೇ ಒಳ್ಳೆಯದು ಕೂಡ. ದೊಡ್ಡ ಟೈಲ್ಸನ್ನು ನಾಲ್ಕೂ ಕಡೆಯಿಂದ ಜಾಲರಿಯತ್ತ ಇಳಿಜಾರು ಕೊಟ್ಟು ಕೂರಿಸುವುದು ಕಷ್ಟ. ಚಿಕ್ಕದರಲ್ಲಿ ಸಂದು ಜಾಸ್ತಿ, ಕಾಲಿಗೆ ಹಿಡಿತವೂ ಜಾಸ್ತಿ. ಐದು ಅಡಿಗೆ ಒಂದು ಇಂಚು ಇಳಿಜಾರು ಇರಲಿ. ಗೋಡೆ ಟೈಲ್ಸ್ ಮಿಕ್ಕಿದೆ ಅಂತ ನೆಲಕ್ಕೆ ಹಾಕಬೇಡಿ. ಗೋಡೆಯ ಸಿರಾಮಿಕ್ ಶೇಕಡ 10ಕ್ಕೂ ಹೆಚ್ಚು ನೀರು ಹೀರುತ್ತದೆ, ಭಾರಕ್ಕೂ ತಡೆಯುವುದಿಲ್ಲ.

ಟೈಲ್ಸಿಗೆ ಮುಂಚೆ ವಾಟರ್ ಪ್ರೂಫಿಂಗ್ ಮಾಡಿಸಿ, ಜಾಲರಿ ಮುಚ್ಚಿ, ಎರಡು ಮೂರು ಇಂಚು ನೀರು ತುಂಬಿ ಎರಡು ದಿನ ಬಿಡಿ. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿ. ಮಟ್ಟ ಎದ್ದು ಕಾಣುವಷ್ಟು ಇಳಿದರೆ, ಅಥವಾ ಕೆಳಗಿನ ಚಾವಣಿಯಲ್ಲಿ ಒದ್ದೆ ಕಂಡರೆ, ಟೈಲ್ಸ್ ಹಾಕಲು ಬಿಡಬೇಡಿ. 'ಟೈಲ್ಸ್ ಹಾಕಿದ ಮೇಲೆ ಸರಿಹೋಗುತ್ತೆ' ಅನ್ನುವ ಮಾತು ಕೇಳಬೇಡಿ. ಟೈಲ್ಸ್ ಸಂದಿನಿಂದ ನೀರು ಇಳಿದೇ ಇಳಿಯುತ್ತದೆ, ಅದನ್ನು ತಡೆಯುವುದು ಅಡಿಯ ಪದರ.

ಹಂಡೆ ಒಲೆ ಇರುವ ಬಚ್ಚಲಲ್ಲಿ ಒಲೆಯ ಬದಿಗೆ ಟೈಲ್ಸ್ ಬಿಟ್ಟು ಕಲ್ಲು ಹಾಕಿ. ಮೆಟ್ಟಿಲಿಗೆ ಗ್ರಾನೈಟ್ ಸರಿ, ಪ್ರತಿ ಮೆಟ್ಟಿಲ ಅಂಚಿಗೆ ಎರಡು ಮೂರು ಗೀರು ಕೊಯ್ಯಿಸಿ. ಅಂಗಳ, ಕಾರು ನಿಲ್ಲಿಸುವ ಜಾಗಕ್ಕೆ ಒಳಗಿನ ಟೈಲ್ಸ್ ಆಗದು. ದಪ್ಪ ಪಾರ್ಕಿಂಗ್ ಟೈಲ್ಸೋ ಇಂಟರ್‌ಲಾಕೋ ಸಿಮೆಂಟೋ ಹಾಕಿ. ಮರದ ನೆರಳಿದ್ದರೆ ಏನೇ ಹಾಕಿದರೂ ಪಾಚಿ ಕಟ್ಟುತ್ತದೆ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಲು ತಯಾರಾಗಿರಿ. ಕಾಫಿ, ಕರಿಮೆಣಸು ಒಣಗಿಸುವ ಕಣವನ್ನು ಮಾತ್ರ ಚೆಂದ ಮಾಡಲು ಹೋಗಬೇಡಿ. ಅದು ಸಿಮೆಂಟ್ ಕಣವಾಗಿಯೇ ಇರಲಿ.

ಹೆಜ್ಜೆ 4: ಲೆಕ್ಕ ಹಾಕಿ ಕೊಳ್ಳಿ

ಎರಡಡಿ ಚೌಕದ ಟೈಲ್ಸ್ ಒಂದು ಬಾಕ್ಸಿನಲ್ಲಿ ಸಾಮಾನ್ಯವಾಗಿ ನಾಲ್ಕು ಇರುತ್ತವೆ. ಅಂಗಡಿಯಲ್ಲಿ ಹದಿನಾರು ಚದರಡಿ ಅನ್ನುತ್ತಾರೆ. ಆದರೆ ಟೈಲ್ಸಿನ ಅಳತೆ 600 ಮಿಲಿಮೀಟರ್, ಪೂರ್ತಿ ಎರಡಡಿಯಲ್ಲ. ನಾಲ್ಕು ಸೇರಿ 1.44 ಚದರ ಮೀಟರ್, ಅಂದರೆ 15.5 ಚದರಡಿ. ಎರಡು ಬೈ ನಾಲ್ಕರ ಬಾಕ್ಸಿನಲ್ಲಿ ಎರಡು, ಅದೂ ಅಷ್ಟೇ. 1200 ಚದರಡಿ ನೆಲಕ್ಕೆ ಕತ್ತರಿಸಿ ಹೋಗುವುದಕ್ಕೆಂದು ಶೇಕಡ 8 ಸೇರಿಸಿದರೆ 1296 ಆಯಿತು. ಹದಿನಾರರ ಲೆಕ್ಕದಲ್ಲಿ 81 ಬಾಕ್ಸ್, ನಿಜವಾದ ಲೆಕ್ಕದಲ್ಲಿ 84. ಮೂರು ಬಾಕ್ಸ್ ಕಮ್ಮಿ ಬೀಳುವುದು ಕೊನೆಯ ಕೋಣೆಯಲ್ಲಿ, ಅದಕ್ಕೋಸ್ಕರ ಮತ್ತೆ ಮೈಸೂರಿಗೋ ಮಂಗಳೂರಿಗೋ ಗಾಡಿ ಕಳಿಸಬೇಕು. ಹೋದಾಗ ಆ ಬ್ಯಾಚ್ ಖಾಲಿಯಾಗಿರುತ್ತದೆ. ಸ್ಕರ್ಟಿಂಗಿನ ಲೆಕ್ಕ ಬೇರೆಯೇ ಸೇರಿಸಿ. ಘಟ್ಟದ ರಸ್ತೆಯಲ್ಲಿ ಒಡೆದು ಬರುವುದೂ ಇದೆ, ಇಳಿಸುವಾಗ ಬಾಕ್ಸ್ ಅಲುಗಿಸಿ ಸದ್ದು ಕೇಳಿ.

ಎಲ್ಲ ಬಾಕ್ಸಿನ ಮೇಲೂ ಒಂದೇ ಬ್ಯಾಚ್ ನಂಬರ್, ಒಂದೇ ಶೇಡ್ ಇರಬೇಕು. ಎರಡು ಟೈಲ್ಸನ್ನು ಮುಖಕ್ಕೆ ಮುಖ ಜೋಡಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕಿನ ಗೆರೆ ಅಗಲವಾಗಿ ಕಂಡರೆ ಬಾಗಿದೆ ಅಂತ ಅರ್ಥ. ಉದ್ದದ ಟೈಲ್ಸ್ ಸ್ವಲ್ಪ ಬಾಗಿಯೇ ಇರುತ್ತವೆ. ಅದಕ್ಕೇ ಇಟ್ಟಿಗೆಯಂತೆ ಅರ್ಧಕ್ಕೆ ಸರಿಸಿ ಹಾಕಬಾರದು, ಮೂರನೇ ಒಂದು ಭಾಗ ಸರಿಸಿದರೆ ಸಾಕು. ಇಲ್ಲದಿದ್ದರೆ ಸಂದಿನಲ್ಲಿ ಬೆರಳು ಎಡವುತ್ತದೆ.

ಹೆಜ್ಜೆ 5: ಹಾಕುವಾಗ ಪಕ್ಕದಲ್ಲಿ ನಿಂತಿರಿ

ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದಿಲ್ಲ, ಹಾಗಾಗಿ ನೀರಲ್ಲಿ ಕಲಸಿದ ಬರೀ ಸಿಮೆಂಟಿಗೆ ಸರಿಯಾಗಿ ಅಂಟುವುದೂ ಇಲ್ಲ. ಟೈಲ್ಸ್ ಅಡ್ಹೆಸಿವ್ ಬಳಸಿ. ಚೀಲದ ಮೇಲೆ ಐಎಸ್ 15477 ಅಂತ ಇದೆಯಾ ನೋಡಿ. 20 ಕಿಲೋ ಚೀಲ ಮೂರು ಮಿಲಿಮೀಟರ್ ದಪ್ಪಕ್ಕೆ ಸುಮಾರು 40ರಿಂದ 50 ಚದರಡಿಗೆ ಬರುತ್ತದೆ. ಹಲ್ಲಿನ ಕರಣೆಯಿಂದ ಪೂರ್ತಿ ಬಳಿಯಬೇಕು. ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಒತ್ತುವವರು ಇದ್ದಾರೆ. ನಡುವೆ ಟೊಳ್ಳು ಉಳಿಯುತ್ತದೆ, ಮಂಚದ ಕಾಲು ಅಲ್ಲೇ ಬಂದರೆ ಒಡೆಯುತ್ತದೆ. ಶುರುವಿನಲ್ಲಿ ಕೂರಿಸಿದ ಒಂದು ಟೈಲ್ಸನ್ನು ಕೂಡಲೇ ಎತ್ತಿಸಿ ಹಿಂಭಾಗ ನೋಡಿ. ಪೂರ್ತಿ ಮೆತ್ತಿಕೊಂಡಿದ್ದರೆ ಸರಿ. ಮೇಸ್ತ್ರಿಗೆ ಸಿಟ್ಟು ಬರಬಹುದು, ಒಂದು ಕಾಫಿ ಕೊಟ್ಟರೆ ಇಳಿಯುತ್ತದೆ.

ಸಂದು ಎರಡು ಮಿಲಿಮೀಟರಾದರೂ ಇರಲಿ, ಸ್ಪೇಸರ್ ಹಾಕಿಸಿ. ಗೋಡೆಗೆ ಒತ್ತಿ ಕೂರಿಸಬೇಡಿ, ಐದಾರು ಮಿಲಿಮೀಟರ್ ಬಿಡಿ. ಒಂದು ದಿನ ಯಾರೂ ತುಳಿಯಬಾರದು, ಗ್ರೌಟ್ ಅದಾದ ಮೇಲೆ. ಎರಡು ದಿನ ಬಿಟ್ಟು ಮರದ ಹಿಡಿಯಿಂದ ಒಂದೊಂದನ್ನೂ ತಟ್ಟಿ ನೋಡಿ. ಟೊಳ್ಳು ಸದ್ದು ಬಂದದ್ದಕ್ಕೆ ಚಾಕ್‌ಪೀಸ್ ಗುರುತು ಹಾಕಿ, ಪೂರ್ತಿ ಹಣ ಕೊಡುವ ಮುಂಚೆ ಬದಲಿಸಿಕೊಳ್ಳಿ.

ಕೊನೆಯಲ್ಲಿ ಸಿಮೆಂಟ್ ಕಲೆ ತೆಗೆಯಲು ಆ್ಯಸಿಡ್ ಸುರಿಯುವ ಅಭ್ಯಾಸ ಇದೆ. ಅದು ಸಿಮೆಂಟ್ ಗ್ರೌಟನ್ನೂ ತಿನ್ನುತ್ತದೆ, ಕೋಟಾ, ಮಾರ್ಬಲ್ ಇದ್ದರೆ ಅವನ್ನೂ. ಬಿಸಿನೀರು, ಸೋಪು, ನೈಲಾನ್ ಬ್ರಶ್ಶಿನಲ್ಲಿ ಹೋಗದಿದ್ದರೆ ಟೈಲ್ಸ್ ಕ್ಲೀನರ್ ತಂದು ಒಂದು ಮೂಲೆಯಲ್ಲಿ ಮೊದಲು ಹಚ್ಚಿ ನೋಡಿ.

ಮಿಕ್ಕಿದ ಟೈಲ್ಸ್ ವಾಪಸ್ ಕೊಡಲು ಹೋಗಬೇಡಿ. ಪ್ರತಿ ಬಗೆಯಲ್ಲೂ ಒಂದು ಬಾಕ್ಸ್ ಇಟ್ಟುಕೊಳ್ಳಿ, ಬಾಕ್ಸಿನ ಮೇಲೆ ಯಾವ ಕೋಣೆಯದ್ದು ಅಂತ ಮಾರ್ಕರ್‌ನಲ್ಲಿ ಬರೆದು ಒಣಗಿದ ಜಾಗದಲ್ಲಿ ನಿಲ್ಲಿಸಿಡಿ. ಕಾಗದದ ಲೇಬಲ್ ಒಂದೇ ಮಳೆಗಾಲಕ್ಕೆ ಹುಳ ತಿಂದು ಹೋಗುತ್ತದೆ, ಅದರ ಫೋಟೋ ಫೋನಿನಲ್ಲಿರಲಿ.